ಬ್ಲೂಗ್ರಾಸ್ ತಂಡವನ್ನು ಎದುರು ಕುಳಿತು ಕೇಳದೆ ತೀರ್ಪು ಕೊಡಬಹುದೆ?

ಕ್ಯಾರಿಯ ಕನ್ನಡಿಗ:

ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್‌ನಂಥ ತಂತಿವಾದ್ಯಗಳೊಂದಿಗೆ ಹಾಡುವ ಅಮೆರಿಕದ ಹಳ್ಳಿಗಾಡಿನ ಸಂಗೀತವಾದ ಬ್ಲೂಗ್ರಾಸ್ ಬಗ್ಗೆ ಇಲ್ಲಿ ಆಗಾಗ ಒಂದೇ ದೂರು ಕೇಳಿಬರುತ್ತದೆ: ಎಲ್ಲ ಹಾಡುಗಳೂ ಒಂದೇ ತರಹ, ಎಲ್ಲವೂ ಓಟ, ಎರಡು ಹಾಡು ಮುಗಿಯುವಷ್ಟರಲ್ಲಿ ಸಾಕೆನಿಸುತ್ತದೆ. ಹೀಗೆ ಬರೆಯುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಕೇಳಿದವರು. ಒಳ್ಳೆಯ ತಂಡವೊಂದರ ಎದುರು ಕುಳಿತು ಕೇಳುವವರೆಗೆ ಈ ಸಂಗೀತದ ಮೇಲೆ ಯಾರೂ ತೀರ್ಪು ಕೊಡಬಾರದು ಎಂಬುದು ನನ್ನ ವಾದ.

ನಾನಿರುವುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ, ರಾಲಿ ನಗರದ ಮಗ್ಗುಲಿನ ಕ್ಯಾರಿಯಲ್ಲಿ. 2013ರಿಂದ 2024ರವರೆಗೆ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘದ ವಾರ್ಷಿಕ ಸಮಾವೇಶ ಇಲ್ಲಿ ನಡೆಯುತ್ತಿತ್ತು. ಆ ವಾರದ ಕೊನೆಗೆ ಫೇಯೆಟ್‌ವಿಲ್ ರಸ್ತೆಯಲ್ಲಿ ವಾಹನ ನಿಲ್ಲಿಸಿ, ವೇದಿಕೆಗಳನ್ನು ಹಾಕಿ, ಯಾರು ಬೇಕಾದರೂ ದುಡ್ಡಿಲ್ಲದೆ ಕೇಳುವಂತೆ ಮಾಡುತ್ತಿದ್ದರು. ಹಳ್ಳಿಗಾಡಿನ ಅಮೆರಿಕನ್ ಹಾಡುಗಳೆಂದರೆ ಮುಖ ತಿರುಗಿಸುತ್ತಿದ್ದ ನನ್ನ ಪರಿಚಯದ ಕನ್ನಡ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಸುಮ್ಮನೆ ತಿರುಗಾಡಲು ಹೋಗಿ ಅಲ್ಲೇ ನಿಂತುಬಿಟ್ಟದ್ದನ್ನು ಕಂಡಿದ್ದೇನೆ.

ಅವರನ್ನು ಅಲ್ಲಿ ನಿಲ್ಲಿಸಿದ್ದು ಏನು? ವೇದಿಕೆಯಲ್ಲಿ ಡ್ರಮ್ ಇಲ್ಲ. ಆಳೆತ್ತರದ ತಂತಿವಾದ್ಯವಾದ ಬಾಸ್ ಮೊದಲನೆಯ ಮತ್ತು ಮೂರನೆಯ ಎಣಿಕೆಯನ್ನು ಹಿಡಿಯುತ್ತದೆ. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಮ್ಯಾಂಡೊಲಿನ್ ನುಡಿಸುವವರು ಸ್ವರಮೇಳವನ್ನು ಒಂದೇಟಿಗೆ ಬಾರಿಸಿ ಆ ಕ್ಷಣದಲ್ಲೇ ಬೆರಳು ಸಡಿಲಿಸಿ ನಾದವನ್ನು ತುಂಡರಿಸುತ್ತಾರೆ. ಇದನ್ನು ‘ಚಾಪ್’ ಎನ್ನುತ್ತಾರೆ. ತಾಳದ ಭಾರವೆಲ್ಲ ಈ ಇಬ್ಬರ ಮೇಲೆ. ಮ್ಯಾಂಡೊಲಿನ್ ತನ್ನ ಒಂಟಿ ಸುತ್ತು ನುಡಿಸಲು ಮುಂದೆ ಬಂದರೆ ಚಾಪ್ ನಿಲ್ಲುತ್ತದೆ, ಆಗ ಪಿಟೀಲೋ ಬ್ಯಾಂಜೊವೋ ಆ ಜಾಗ ತುಂಬಬೇಕು. ಯಾರು ಯಾವಾಗ ಯಾರ ಕೆಲಸ ವಹಿಸಿಕೊಂಡರು ಎಂಬುದು ಕಣ್ಣೆದುರು ನಡೆಯುತ್ತದೆ. ಧ್ವನಿಮುದ್ರಣದಲ್ಲಿ ಇದೆಲ್ಲ ಬೆರೆತು ಒಂದೇ ಪ್ರವಾಹವಾಗುವುದರಿಂದ ಹೊಸಬರಿಗೆ ವೇಗ ಮಾತ್ರ ಕೇಳಿಸುತ್ತದೆ.

ಶ್ರುತಿಪ್ರಿಯೆ, ಮೈಸೂರು:

ಎದುರು ಕುಳಿತು ಕೇಳಿದರೆ ಯಾವ ಸಂಗೀತ ತಾನೆ ಹೆಚ್ಚು ರುಚಿಸುವುದಿಲ್ಲ? ಡೊಳ್ಳು ಕುಣಿತವನ್ನು ಹತ್ತಿರದಿಂದ ಕಂಡವರಿಗೆ ಟಿವಿಯಲ್ಲಿ ನೋಡಿದರೆ ಸಪ್ಪೆ. ಬ್ಲೂಗ್ರಾಸ್‌ಗೆ ಮಾತ್ರ ಸಲ್ಲುವ ಗುಣ ಯಾವುದೆಂದು ನಿಮ್ಮ ಬರಹದಿಂದ ನನಗೆ ತಿಳಿಯಲಿಲ್ಲ.

ನನ್ನ ತಕರಾರು ಬೇರೆಯದು. ವಾದಕರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಒಬ್ಬೊಬ್ಬರಿಗೂ ಒಂದು ಚರಣದಷ್ಟೇ ಅವಕಾಶ. ಮುಂದೆ ಬಂದು, ಬೆರಳು ಓಡಿಸಿ, ಚಪ್ಪಾಳೆ ಪಡೆದು ಹಿಂದೆ ಸರಿಯಬೇಕು. ಸ್ವರವೊಂದರ ಮೇಲೆ ನಿಂತು ಅದನ್ನು ಬಿಡಿಸಿ ನೋಡಲು ಬಿಡುವೆಲ್ಲಿದೆ? ಒಂದು ತೋಡಿಯನ್ನು ಮುಕ್ಕಾಲು ಗಂಟೆ ಕೇಳಿ ಬೆಳೆದವರಿಗೆ ಮೂರು ನಿಮಿಷದ ಹಾಡಿನಲ್ಲಿ ನಾಲ್ವರ ಸರದಿ ಎಂದರೆ ಯಾರ ಮಾತೂ ಪೂರ್ತಿಯಾಗಲಿಲ್ಲ ಎನಿಸುತ್ತದೆ. ಎದುರಿನಲ್ಲಿ ಕುಳಿತ ಮಾತ್ರಕ್ಕೆ ಇದು ಬದಲಾಗುವುದಿಲ್ಲ.

ಧ್ವನಿ ತಂತ್ರಜ್ಞ, ಬೆಂಗಳೂರು:

ಕ್ಯಾರಿಯವರ ವಾದ ಚರಿತ್ರೆಗೇ ವಿರುದ್ಧವಾಗಿದೆ. ಈ ಸಂಗೀತದ ಜನಕರೆನಿಸಿದ ಬಿಲ್ ಮನ್ರೋ 1939ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಸೇರಿದರು. ಅದು ಶನಿವಾರ ರಾತ್ರಿಯ ರೇಡಿಯೊ ಕಾರ್ಯಕ್ರಮ. ಅದನ್ನು ಬಿತ್ತರಿಸುತ್ತಿದ್ದ ಕೇಂದ್ರದ ಶಕ್ತಿ 50,000 ವ್ಯಾಟ್, ಹಾಗಾಗಿ ರಾತ್ರಿ ಹೊತ್ತು ಹಲವು ರಾಜ್ಯಗಳಲ್ಲಿ ಕೇಳಿಸುತ್ತಿತ್ತು. ಮನ್ರೋ ಅವರನ್ನು ಕಣ್ಣಿನಿಂದ ಕಂಡವರಿಗಿಂತ ಬ್ಯಾಟರಿ ರೇಡಿಯೊದಲ್ಲಿ ಕೇಳಿದವರೇ ಎಷ್ಟೋ ಪಾಲು ಹೆಚ್ಚು. ಮುಂದೆ ಬ್ಲೂಗ್ರಾಸ್‌ನಲ್ಲಿ ಹೆಸರಾದ ವರ್ಜೀನಿಯಾದ ಸ್ಟ್ಯಾನ್ಲಿ ಸಹೋದರರು ಆ ಧಾಟಿಯನ್ನು ಕೇಳಿ ಕೇಳಿಯೇ ಕಲಿತರು. ಅವರಿಗೆಲ್ಲ ತೀರ್ಪು ಕೊಡುವ ಅರ್ಹತೆ ಇರಲಿಲ್ಲವೆ?

ಮುಂದಿನ ಕಾಲಕ್ಕೂ ಇದೇ ಮಾತು ಸಲ್ಲುತ್ತದೆ. ಕೋಯೆನ್ ಸಹೋದರರ 2000ದ ಚಲನಚಿತ್ರವೊಂದರ ಹಾಡುಗಳ ಸಂಪುಟಕ್ಕೆ 2002ರಲ್ಲಿ ವರ್ಷದ ಶ್ರೇಷ್ಠ ಸಂಪುಟವೆಂದು ಗ್ರ್ಯಾಮಿ ಬಂತು. ಆ ಸಹೋದರರಲ್ಲೊಬ್ಬರಾದ ರಾಲ್ಫ್ ಸ್ಟ್ಯಾನ್ಲಿ ಯಾವ ವಾದ್ಯದ ನೆರವೂ ಇಲ್ಲದೆ ಹಾಡಿದ ಒಂದು ಹಾಡು ಅದರಲ್ಲಿದೆ. ಅಮೆರಿಕದ ನಗರಗಳ ಯುವಕರಲ್ಲಿ ಎಷ್ಟೋ ಜನ ಈ ಸಂಗೀತವನ್ನು ಮೊದಲು ಕೇಳಿದ್ದು ಆ ಸಂಪುಟದಿಂದ. ಧ್ವನಿಮುದ್ರಣವೇ ಬಾಗಿಲು ತೆರೆಯಿತು.

ಹಳೆಯ ರೇಡಿಯೊ, ಷಾರ್ಲೆಟ್:

ತಂತ್ರಜ್ಞರು ರೇಡಿಯೊವನ್ನು ಧ್ವನಿಮುದ್ರಣದ ಕಡೆಗೆ ಸೇರಿಸಿದ್ದನ್ನು ನಾನು ಒಪ್ಪುವುದಿಲ್ಲ. ಆಪ್ರಿ ನೇರ ಪ್ರಸಾರವಾಗಿತ್ತು. ಸಭಿಕರ ಎದುರು, ಒಂದೇ ಬಾರಿಗೆ, ತಿದ್ದುವ ಅವಕಾಶವಿಲ್ಲದೆ ನುಡಿಸಿದ್ದು. ಮನೆಯಲ್ಲಿ ಕುಳಿತವರಿಗೆ ಸಭೆಯ ಕೂಗೂ ಕೇಳಿಸುತ್ತಿತ್ತು.

ಈ ಸಂಗೀತ ಹುಟ್ಟಿದ ಗಳಿಗೆಯೇ ಒಂದು ಸಭೆಯ ಎದುರಿನದು. 1945ರ ಡಿಸೆಂಬರ್. ಉತ್ತರ ಕೆರೊಲಿನಾದ ಹತ್ತಿ ಗಿರಣಿಗಳ ಸೀಮೆಯಿಂದ ಬಂದು ಮನ್ರೋ ತಂಡದಲ್ಲಿ ಬ್ಯಾಂಜೊ ಹಿಡಿದ ಅರ್ಲ್ ಸ್ಕ್ರಗ್ಸ್‌ಗೆ ಆಗ ಇಪ್ಪತ್ತೊಂದು ವರ್ಷ. ಅಲ್ಲಿಯವರೆಗೆ ಆಪ್ರಿಯಲ್ಲಿ ಬ್ಯಾಂಜೊ ಎಂದರೆ ಹಾಸ್ಯಗಾರರ ವಾದ್ಯ. ಮನ್ರೋ ತಂಡದಲ್ಲಿ ಇವರಿಗಿಂತ ಮೊದಲು ಬ್ಯಾಂಜೊ ಹಿಡಿದಿದ್ದ ಸ್ಟ್ರಿಂಗ್‌ಬೀನ್ ಕೂಡ ನಗಿಸುವುದರಲ್ಲಿ ಹೆಸರಾದವರು. ಸ್ಕ್ರಗ್ಸ್ ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಸ್ವರಗಳನ್ನು ಮಳೆಗರೆದಾಗ ಆಪ್ರಿ ನಡೆಯುತ್ತಿದ್ದ ರೈಮನ್ ಸಭಾಂಗಣ ಎದ್ದು ಕೂಗಿತು. 1892ರಲ್ಲಿ ಪ್ರಾರ್ಥನಾಲಯವಾಗಿ ಕಟ್ಟಿದ ಆ ಕಟ್ಟಡದಲ್ಲಿ ಇಂದಿಗೂ ಕೂರುವುದು ಮರದ ಉದ್ದನೆಯ ಬೆಂಚುಗಳ ಮೇಲೆ. ಮನ್ರೋ, ಸ್ಕ್ರಗ್ಸ್, ಗಿಟಾರಿನ ಲೆಸ್ಟರ್ ಫ್ಲಾಟ್, ಪಿಟೀಲಿನ ಚಬ್ಬಿ ವೈಸ್, ಬಾಸ್‌ನ ಹೋವರ್ಡ್ ವಾಟ್ಸ್ ಈ ಐವರೂ ಒಟ್ಟಿಗಿದ್ದದ್ದು 1948ರವರೆಗೆ ಮಾತ್ರ. ಇಷ್ಟು ಕಡಿಮೆ ಅವಧಿಯಲ್ಲಿ ಅವರು ಕಟ್ಟಿಕೊಟ್ಟ ಮಾದರಿಯನ್ನೇ ಎಂಬತ್ತು ವರ್ಷಗಳಿಂದ ಎಲ್ಲರೂ ಹಿಡಿದು ನಡೆಯುತ್ತಿದ್ದಾರೆ.

ಶ್ರುತಿಪ್ರಿಯೆಯವರು ಈ ಸಂಗೀತಕ್ಕೆ ಮಾತ್ರ ಸಲ್ಲುವ ಗುಣವನ್ನು ಕೇಳಿದ್ದಾರೆ. ನನ್ನ ಉತ್ತರ ಒಂದೇ ಮೈಕ್ರೊಫೋನ್. ಹಳೆಯ ಕ್ರಮದಲ್ಲಿ ಇಡೀ ತಂಡಕ್ಕೆ ನಡುವೆ ಒಂದೇ ಮೈಕ್. ಹಾಡುವವರು ಅದರ ಬಳಿ ಇರುತ್ತಾರೆ. ಚರಣ ಮುಗಿಯುವ ಹೊತ್ತಿಗೆ ಬ್ಯಾಂಜೊದವರು ಭುಜ ತೂರಿಸಿ ಒಳಬರುತ್ತಾರೆ, ಹಾಡಿದವರು ಅದೇ ಹೆಜ್ಜೆಯಲ್ಲಿ ಹಿಂದೆ ಸರಿಯುತ್ತಾರೆ. ಪಿಟೀಲಿನ ಕಮಾನು ಯಾರ ಕಣ್ಣಿಗೂ ತಾಗದಂತೆ ಮೇಲೇಳುತ್ತದೆ. ಪಲ್ಲವಿಗೆ ಮೂವರು ಮುಖಕ್ಕೆ ಮುಖ ಸೇರಿಸಿ ಹಾಡುತ್ತಾರೆ. 1990ರ ದಶಕದಲ್ಲಿ ಎಲ್ಲರೂ ಒಬ್ಬೊಬ್ಬರಿಗೊಂದು ಮೈಕ್ ಇಟ್ಟುಕೊಂಡಿದ್ದಾಗ ಡೆಲ್ ಮೆಕೂರಿ ತಮ್ಮ ಇಬ್ಬರು ಮಕ್ಕಳಿರುವ ತಂಡದೊಂದಿಗೆ ಈ ಕ್ರಮಕ್ಕೆ ಮರಳಿದರು. ಕೋಟು, ಟೈ, ಒಪ್ಪವಾಗಿ ಬಾಚಿದ ಬಿಳಿ ಕೂದಲು. ಆ ಮನುಷ್ಯ 1963ರಲ್ಲಿ ಮನ್ರೋ ತಂಡದಲ್ಲಿ ಗಿಟಾರ್ ನುಡಿಸಿ ಹಾಡಿದವರು. ಅವರ ಕಛೇರಿಯಲ್ಲಿ ಸಭಿಕರು ಹಾಡುಗಳ ಹೆಸರನ್ನು ಕೂಗಿ ಕೇಳುತ್ತಾರೆ, ಅವರು ನಗುತ್ತಾ ಅದನ್ನೇ ಎತ್ತಿಕೊಳ್ಳುತ್ತಾರೆ. ಇದನ್ನೆಲ್ಲ ಕಿವಿಯೊಂದರಿಂದಲೇ ಪಡೆಯಲು ಸಾಧ್ಯವೆ?

ಧ್ವನಿ ತಂತ್ರಜ್ಞ, ಬೆಂಗಳೂರು:

ಒಂದೇ ಮೈಕ್‌ನ ವಿಷಯ ನೀವು ಎತ್ತಿದ್ದು ಒಳ್ಳೆಯದಾಯಿತು. ಅದರ ಹಿಂದಿನ ಲೆಕ್ಕ ಗೊತ್ತಿದ್ದರೆ ನೋಡುವ ಸುಖ ಹೆಚ್ಚುತ್ತದೆ. ಮೈಕ್‌ನಿಂದ ನಿಮ್ಮ ದೂರ ಅರ್ಧವಾದರೆ ಅಲ್ಲಿಗೆ ತಲುಪುವ ನಾದ ಸುಮಾರು 6 ಡೆಸಿಬಲ್ ಏರುತ್ತದೆ. ಸಾಮಾನ್ಯ ಕಛೇರಿಯಲ್ಲಿ ಧ್ವನಿ ಮೇಜಿನ ಬಳಿ ಕುಳಿತ ನನ್ನಂಥವನು ಬೆರಳ ತುದಿಯಿಂದ ಮಾಡುವ ಕೆಲಸವನ್ನು ಅವರು ಕಾಲಿನಿಂದ ಮಾಡುತ್ತಾರೆ. ಬ್ಯಾಂಜೊ ಸ್ವಭಾವತಃ ಜೋರು, ಹಾಗಾಗಿ ಅದು ದೂರದಲ್ಲೇ ನಿಲ್ಲಬೇಕು. ಗಿಟಾರ್ ಮೆತ್ತಗೆ, ಅದರ ಸರದಿ ಬಂದಾಗ ಮೈಕ್‌ಗೆ ಬಹುತೇಕ ಅಂಟಿಕೊಳ್ಳಬೇಕು. ಈ ಅಳತೆ ತಪ್ಪಿದರೆ ಹಾಡೇ ಕೆಡುತ್ತದೆ.

ಇನ್ನೊಂದು ಕಟ್ಟುಪಾಡೂ ಇದೆ. ಇಂಥ ಸೂಕ್ಷ್ಮ ಮೈಕ್ ಸ್ಪೀಕರಿನ ಸದ್ದನ್ನೂ ಹಿಡಿಯುತ್ತದೆ, ಒಂದು ಮಿತಿ ದಾಟಿದರೆ ಕೀಚ್ ಎನ್ನುತ್ತದೆ. ಆದ್ದರಿಂದ ಸದ್ದು ಏರಿಸುವಂತಿಲ್ಲ, ಸಭೆಯೇ ಮೌನವಾಗಿರಬೇಕು. ದೊಡ್ಡ ಮೈದಾನದಲ್ಲಿ ಇದು ನಡೆಯುವುದಿಲ್ಲ.

ಆದರೂ ನನ್ನ ಮೊದಲ ಮಾತು ಹಾಗೇ ಇದೆ. 1973ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸಣ್ಣ ಸಭಾಗೃಹದಲ್ಲಿ ಜೆರ್ರಿ ಗಾರ್ಸಿಯಾ ಬ್ಯಾಂಜೊ, ಡೇವಿಡ್ ಗ್ರಿಸ್‌ಮನ್ ಮ್ಯಾಂಡೊಲಿನ್, ಪೀಟರ್ ರೋವನ್ ಗಿಟಾರ್, ವ್ಯಾಸಾರ್ ಕ್ಲೆಮೆಂಟ್ಸ್ ಪಿಟೀಲು ಹಿಡಿದು ನುಡಿಸಿದ್ದನ್ನು ಮುದ್ರಿಸಿ 1975ರಲ್ಲಿ ಹೊರತಂದರು. ಆ ತಂಡ ಅಷ್ಟರಲ್ಲಿ ಚದುರಿಹೋಗಿತ್ತು. ಅದನ್ನು ಎದುರಿನಲ್ಲಿ ಕೇಳಿದವರು ಬೆರಳೆಣಿಕೆಯವರು. ರಾಕ್ ಕೇಳುತ್ತಿದ್ದ ಒಂದು ಇಡೀ ಪೀಳಿಗೆಯನ್ನು ಬ್ಲೂಗ್ರಾಸ್ ಕಡೆಗೆ ಎಳೆದದ್ದು ಆ ಧ್ವನಿಮುದ್ರಿಕೆ.

ಕ್ಯಾರಿಯ ಕನ್ನಡಿಗ:

ನೀವು ಉದಾಹರಣೆಗೆ ಆರಿಸಿದ್ದೇ ಸಭೆಯ ಎದುರು ಮುದ್ರಿಸಿದ ಕಛೇರಿಯನ್ನು! ಜನರನ್ನು ಎಳೆದದ್ದು ಅದರೊಳಗಿದ್ದ ಸಭೆಯ ಉಸಿರು ಎಂದು ನಾನು ಹೇಳುತ್ತೇನೆ. ಗಾರ್ಸಿಯಾ ಆಗಲೇ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದಿಂದ ಹೆಸರಾಗಿದ್ದರು ಎಂಬುದೂ ಸೇರಿತು, ಒಪ್ಪೋಣ.

ಐದನೆಯ ತಂತಿ, ಧಾರವಾಡ:

ನಾನು ಬ್ಯಾಂಜೊ ಕಲಿಯುತ್ತಿದ್ದೇನೆ. ಇಲ್ಲಿ ಗುರುಗಳಿಲ್ಲದೆ ವಿಡಿಯೊ ನೋಡಿಯೇ ಕಲಿಯಬೇಕು. ಶ್ರುತಿಪ್ರಿಯೆಯವರಿಗೆ ಒಂದೆರಡು ಮಾತು.

ಸ್ಕ್ರಗ್ಸ್ ಕೈಯ ಮೂಲ ಪಾಠ ‘ರೋಲ್’. ಒಂದು ಆವರ್ತಕ್ಕೆ ಎಂಟು ಸ್ವರ. ಬೆರಳುಗಳು ಮೂರೇ. ಎಂಟನ್ನು ಮೂರರಿಂದ ಸಮನಾಗಿ ಭಾಗಿಸಲಾಗದು, ಆದ್ದರಿಂದ ಮುಂದಕ್ಕೆ ಉರುಳುವ ರೋಲ್‌ನಲ್ಲಿ ಅದು ಮೂರು, ಮೂರು, ಎರಡು ಎಂದು ಒಡೆಯುತ್ತದೆ. ಬಾಯಲ್ಲಿ ‘ತಕಿಟ ತಕಿಟ ತಕ’ ಎಂದು ಹೇಳುತ್ತಾ ಕೈಯಲ್ಲಿ ನೇರ ನಾಲ್ಕು ಎಣಿಸಿ ನೋಡಿ. ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಒತ್ತು ಬೀಳಬೇಕಾದ ಕಡೆ ಬೀಳದೆ ಪಕ್ಕಕ್ಕೆ ಸರಿಯುತ್ತದೆ, ಬಾಸ್ ಮಾತ್ರ ಅಲುಗಾಡುವುದಿಲ್ಲ. ನೀವು ಓಟ ಎಂದದ್ದು ಈ ಎಳೆದಾಟವನ್ನು. ಬ್ಯಾಂಜೊದ ಐದನೆಯ ತಂತಿ ಗಿಡ್ಡ. ಅದರ ಬಿರಡೆ ಕೊರಳಿನ ಅರ್ಧದಲ್ಲೇ ಇರುತ್ತದೆ. ಎಲ್ಲಕ್ಕಿಂತ ಎತ್ತರದ ಸ್ವರ ಅದು, ಬಹುತೇಕ ಬದಲಾಗದೆ ಮತ್ತೆ ಮತ್ತೆ ಮೊಳಗುತ್ತಲೇ ಇರುತ್ತದೆ. ರಾಗ ಏನೇ ಮಾಡಲಿ, ಆ ಒಂದು ಸ್ವರ ತಂಬೂರಿಯಂತೆ ನೆಲೆ ಕೊಡುತ್ತದೆ.

ಇದನ್ನು ನಾನು ಧ್ವನಿಮುದ್ರಣವನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿ ತಿಳಿದೆ. ಸ್ಕ್ರಗ್ಸ್ ಅವರ 1949ರ ‘ಫಾಗಿ ಮೌಂಟನ್ ಬ್ರೇಕ್‌ಡೌನ್’ ಅನ್ನು ಜಗತ್ತಿನ ಬ್ಯಾಂಜೊ ವಿದ್ಯಾರ್ಥಿಗಳೆಲ್ಲ ಹೀಗೆಯೇ ಬಿಡಿಸಿಕೊಂಡಿದ್ದಾರೆ. ಎದುರು ಕುಳಿತರೆ ಮಾತ್ರ ತಿಳಿಯುತ್ತದೆ ಎಂಬ ಮಾತು ನನ್ನಂಥ ದೂರದವರನ್ನು ಹೊರಗಿಡುತ್ತದೆ. ಹುಬ್ಬಳ್ಳಿಗೆ ಯಾವ ಬ್ಲೂಗ್ರಾಸ್ ತಂಡ ಬರುತ್ತದೆ?

ಶ್ರುತಿಪ್ರಿಯೆ, ಮೈಸೂರು:

‘ತಕಿಟ ತಕಿಟ ತಕ’ ನನಗೆ ಸಿಕ್ಕಿತು. ಈಗಷ್ಟೇ ನೀವು ಹೇಳಿದ ತುಣುಕನ್ನು ತಾಳ ಹಾಕಿಕೊಂಡು ಕೇಳಿದೆ. ಒತ್ತು ಸರಿಯುವುದು ಸ್ಪಷ್ಟವಾಗಿ ಕೇಳಿಸುತ್ತದೆ, ಮತ್ತು ಅದು ನಿಜಕ್ಕೂ ಸೊಗಸಾಗಿದೆ.

ಆದರೂ ಬಿಡುವಿನ ಪ್ರಶ್ನೆ ಉಳಿಯಿತು. ಬೇಲಾ ಫ್ಲೆಕ್ ಬ್ಯಾಂಜೊ ಜೊತೆ ಝಾಕಿರ್ ಹುಸೇನ್ ತಬಲಾ, ಎಡ್ಗರ್ ಮೇಯರ್ ಬಾಸ್, ರಾಕೇಶ್ ಚೌರಾಸಿಯಾ ಬಾನ್ಸುರಿ ನುಡಿಸಿದ ಸಂಪುಟಕ್ಕೆ 2024ರಲ್ಲಿ ಗ್ರ್ಯಾಮಿ ಬಂತಲ್ಲ, ಅದು ನನಗೆ ಇಷ್ಟ. ಅಲ್ಲಿ ಬ್ಯಾಂಜೊ ಕಾಯುತ್ತದೆ, ಎದುರಿನವರ ಮಾತು ಕೇಳಿಸಿಕೊಂಡು ಉತ್ತರ ಕೊಡುತ್ತದೆ. ಸಾಂಪ್ರದಾಯಿಕ ಬ್ಲೂಗ್ರಾಸ್‌ನಲ್ಲಿ ಆ ಕಾಯುವಿಕೆ ಎಲ್ಲಿದೆ ಎಂದು ಯಾರಾದರೂ ತೋರಿಸಿಕೊಡಿ.

ಹಳೆಯ ರೇಡಿಯೊ, ಷಾರ್ಲೆಟ್:

ಗಾಯನದಲ್ಲಿ ಕೇಳಿ, ಶ್ರುತಿಪ್ರಿಯೆಯವರೇ. ವಾದ್ಯಗಳ ಸರದಿಯನ್ನೇ ನೋಡುತ್ತಿದ್ದರೆ ಅದು ಕಾಣುವುದಿಲ್ಲ. ಮುಖ್ಯ ಗಾಯಕ ಹಾಡನ್ನು ಹಿಡಿದಿರುತ್ತಾನೆ, ಅದರ ಮೇಲೆ ಎತ್ತರದ ಟೆನರ್ ದನಿ ಕೂರಬೇಕು. ಮೇಲಿನವನು ಕೆಳಗಿನವನ ತುಟಿಯನ್ನೇ ನೋಡುತ್ತಾ ಉಸಿರು ಹಿಡಿದು ಕಾಯುತ್ತಾನೆ. ಶಬ್ದದ ಕೊನೆಯ ವ್ಯಂಜನ ಇಬ್ಬರ ಬಾಯಲ್ಲೂ ಒಟ್ಟಿಗೆ ಮುಚ್ಚಬೇಕು. ಮನ್ರೋ ತಮ್ಮ ಹಾಡುಗಳನ್ನು ಬಹಳ ಎತ್ತರದ ಶ್ರುತಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಎತ್ತರದಲ್ಲಿ ದನಿ ಸೀಳುವ ಅಂಚಿನಲ್ಲಿರುತ್ತದೆ, ಮತ್ತು ಅಲ್ಲೇ ಅದಕ್ಕೆ ಆ ಒಂಟಿತನದ ಬಣ್ಣ ಬರುತ್ತದೆ.

ಎಲ್ಲವೂ ವೇಗ ಎಂಬುದೂ ಧ್ವನಿಮುದ್ರಿಕೆಯಿಂದ ಬಂದ ಅಭಿಪ್ರಾಯವೇ. ಆಯ್ದ ಪಟ್ಟಿಗಳಲ್ಲಿ ಓಟದ ತುಣುಕುಗಳನ್ನೇ ಪೋಣಿಸಿರುತ್ತಾರೆ. ಪೂರ್ಣ ಕಛೇರಿಯ ಕ್ರಮ ಹಾಗಿರುವುದಿಲ್ಲ. ಒಂದು ವೇಗದ ವಾದ್ಯಗತಿ, ಮೂರರ ಎಣಿಕೆಯಲ್ಲಿ ನಿಧಾನವಾದ ವಿರಹದ ಹಾಡು, ನಡುವೆ ಮಾತು, ಆಮೇಲೆ ಬ್ಯಾಂಜೊ ಕೆಳಗಿಟ್ಟು ನಾಲ್ವರು ಸೇರಿ ಹಾಡುವ ಭಕ್ತಿಗೀತೆ. ಬ್ಯಾಂಜೊ ನಿಂತ ಕೂಡಲೇ ಸಭೆಯ ಗಾಳಿಯೇ ಬೇರೆಯಾಗುತ್ತದೆ. ಆ ನಾಲ್ಕು ದನಿಗಳ ಹಾಡಿನಲ್ಲಿ ಕೆಳಗಿನ ದನಿಯವರು ಒಂದೇ ಪದ ಹೇಳಲು ಇಡೀ ಸಾಲು ಕಾದಿರುತ್ತಾರೆ. ನೀವು ಹುಡುಕುತ್ತಿರುವ ಬಿಡುವು ಅಲ್ಲಿದೆ.

ಹಾಡುಗಳು ಏನು ಹೇಳುತ್ತವೆ ಎಂಬುದನ್ನೂ ಗಮನಿಸಿ. ಅಪಲಾಚಿಯಾ ಬೆಟ್ಟಗಳ ಜನ ಕಲ್ಲಿದ್ದಲ ಗಣಿಯಿಂದಲೂ ಬಡ ಹೊಲಗಳಿಂದಲೂ ಓಹಾಯೊ, ಡೆಟ್ರಾಯಿಟ್, ಬಾಲ್ಟಿಮೋರ್ ಕಾರ್ಖಾನೆಗಳಿಗೆ ದುಡಿಯಲು ಹೋದರು. 1950ರ ದಶಕದಲ್ಲಿ ಬ್ಲೂಗ್ರಾಸ್ ಬೆಳೆದದ್ದು ಆ ನಗರಗಳ ಮದ್ಯದಂಗಡಿಗಳಲ್ಲಿ, ವಾರದ ಸಂಬಳ ಕೈಗೆ ಬಂದ ರಾತ್ರಿಗಳಲ್ಲಿ. ಬಿಟ್ಟುಬಂದ ಮನೆ, ಮುಪ್ಪಾದ ತಾಯಿ, ಊರಿನ ಕಡೆಗೆ ಹೋಗುವ ರೈಲು. ಊರು ಬಿಟ್ಟು ಬಂದ ನಮಗೆ ಇದನ್ನು ಅರ್ಥ ಮಾಡಿಸಬೇಕೆ?

ಕಡಲ ತಡಿ, ಮಂಗಳೂರು:

ಹಳೆಯ ರೇಡಿಯೊ ಅವರು ಹೇಳಿದ ಚರಿತ್ರೆಯಲ್ಲಿ ಒಂದು ದೊಡ್ಡ ಭಾಗವೇ ಬಿಟ್ಟುಹೋಗಿದೆ. ಬ್ಯಾಂಜೊ ಬಂದದ್ದು ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನರ ಜೊತೆ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಪ್ರದೇಶದಲ್ಲಿ ಅದರ ಬಂಧುವಾದ ಅಕೊಂಟಿಂಗ್ ಎಂಬ ಸೋರೆಬುರುಡೆಯ ವಾದ್ಯವನ್ನು ಇಂದಿಗೂ ನುಡಿಸುತ್ತಾರೆ, ಅದರಲ್ಲೂ ಗಿಡ್ಡ ತಂತಿ ಇದೆ. ಮನ್ರೋ ಹುಡುಗನಾಗಿದ್ದಾಗ ಕೆಂಟಕಿಯಲ್ಲಿ ಆರ್ನಲ್ಡ್ ಶುಲ್ಟ್ಜ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕನ ಜೊತೆ ನೃತ್ಯಕೂಟಗಳಲ್ಲಿ ನುಡಿಸುತ್ತಿದ್ದರು, ತಮ್ಮ ಸಂಗೀತದಲ್ಲಿರುವ ಬ್ಲೂಸ್ ಎಂಬ ಕಪ್ಪು ಜನರ ಧಾಟಿಗೆ ಅವನ ಋಣವಿದೆ ಎಂದು ಒಪ್ಪಿದ್ದರು. ಶುಲ್ಟ್ಜ್ 1931ರಲ್ಲಿ ತೀರಿಕೊಂಡ. ಅವನ ಒಂದು ಧ್ವನಿಮುದ್ರಣವೂ ಉಳಿದಿಲ್ಲ. 2017ರಲ್ಲಿ ರಾಲಿಯ ಅದೇ ಸಮಾವೇಶದಲ್ಲಿ ಗಾಯಕಿ, ಬ್ಯಾಂಜೊ ವಾದಕಿ ರಿಯಾನನ್ ಗಿಡೆನ್ಸ್ ಮುಖ್ಯ ಭಾಷಣ ಮಾಡಿ ಈ ಮರೆವನ್ನು ನೇರವಾಗಿ ಎತ್ತಿ ತೋರಿಸಿದರು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಶುಲ್ಟ್ಜ್‌ನನ್ನು ಎದುರಿನಲ್ಲಿ ಕೇಳಿದವರು ಹೋದ ಮೇಲೆ ಅವನ ನಾದವೂ ಹೋಯಿತು. ಎದುರು ಕೇಳುವುದೇ ಎಲ್ಲಕ್ಕಿಂತ ಮೇಲು ಎನ್ನುವಾಗ, ಯಾರನ್ನು ಮುದ್ರಿಸಿದರು, ಯಾರನ್ನು ಬಿಟ್ಟರು ಎಂಬುದನ್ನೂ ಕೇಳಬೇಕು.

ಹಳೆಯ ರೇಡಿಯೊ, ಷಾರ್ಲೆಟ್:

ಪೂರ್ತಿ ಒಪ್ಪುತ್ತೇನೆ. ಶೆಲ್ಬಿ ಪಟ್ಟಣದಲ್ಲಿ 2014ರಲ್ಲಿ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿ ಸ್ಕ್ರಗ್ಸ್ ಹೆಸರಿನ ಸಂಗ್ರಹಾಲಯ ತೆರೆದಿದ್ದಾರೆ. ಷಾರ್ಲೆಟ್‌ನಿಂದ ಸುಮಾರು ಒಂದು ಗಂಟೆಯ ದಾರಿ. ಮಕ್ಕಳನ್ನು ಕರೆದೊಯ್ಯುವವರು ಬ್ಯಾಂಜೊದ ಈ ಕಥೆಯನ್ನೂ ಅವರಿಗೆ ಹೇಳಲಿ.

ಆದರೆ ಚರ್ಚೆ ಇನ್ನೊಂದು ದಿಕ್ಕಿಗೆ ಹೋಗುವ ಮೊದಲು ನನ್ನ ಮನಸ್ಸಿನಲ್ಲಿರುವ ಒಂದು ಆತಂಕವನ್ನು ಹೇಳಿಬಿಡುತ್ತೇನೆ. ಈಗ ಹೊಸಬರು ಬ್ಲೂಗ್ರಾಸ್ ಕಡೆ ಬರುತ್ತಿರುವುದು ಬಹುಮಟ್ಟಿಗೆ ಬಿಲ್ಲಿ ಸ್ಟ್ರಿಂಗ್ಸ್ ಅವರಿಂದ. 1992ರಲ್ಲಿ ಹುಟ್ಟಿದ ಹುಡುಗ, 2021ರಲ್ಲಿ ಗ್ರ್ಯಾಮಿ ಪಡೆದ, ಬ್ಯಾಸ್ಕೆಟ್‌ಬಾಲ್ ಅಖಾಡಗಳನ್ನು ತುಂಬಿಸುತ್ತಾನೆ. ಗಿಟಾರಿಗೆ ಪೆಡಲ್ ಜೋಡಿಸಿ ನಾದವನ್ನು ತಿರುಚುತ್ತಾನೆ, ಬಣ್ಣದ ದೀಪಗಳು ತಿರುಗುತ್ತವೆ, ಒಂದು ಹಾಡು ಹದಿನೈದು ನಿಮಿಷ ಹೋಗುತ್ತದೆ. ಪ್ರತಿಭೆಗೆ ತಲೆಬಾಗುತ್ತೇನೆ. ಆದರೆ ಹತ್ತು ಸಾವಿರ ಜನರ ಕೂಗಿನ ನಡುವೆ ಚಾಪ್ ಯಾರಿಗೆ ಕೇಳಿಸುತ್ತದೆ? ಅಲ್ಲಿ ಮರುಳಾದವರು ಬ್ಲೂಗ್ರಾಸ್‌ಗೆ ಮರುಳಾದರೋ, ಆ ಸಂಭ್ರಮಕ್ಕೋ?

ಕ್ಯಾರಿಯ ಕನ್ನಡಿಗ:

ಎರಡಕ್ಕೂ! ಅದರಲ್ಲಿ ತಪ್ಪೇನು? ಆ ಅಖಾಡದಲ್ಲಿಯೂ ಡ್ರಮ್ ಇಲ್ಲ. ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಬಾಸ್, ಗಿಟಾರ್ ಅಷ್ಟೇ. ದೀರ್ಘ ವಿಸ್ತಾರದ ನಂತರ ಅವರೆಲ್ಲ ಒತ್ತಾಗಿ ನಿಂತು ಹಳೆಯ ಸ್ಟ್ಯಾನ್ಲಿ ಧಾಟಿಯ ಹಾಡು ಎತ್ತಿಕೊಳ್ಳುತ್ತಾರೆ, ಇಪ್ಪತ್ತರ ಹರೆಯದವರು ಅದಕ್ಕೂ ಅಷ್ಟೇ ಕೂಗುತ್ತಾರೆ. ಸ್ಟ್ರಿಂಗ್ಸ್ ಈ ಸಂಗೀತ ಕಲಿತದ್ದು ಮನೆಯಲ್ಲಿ, ಸಾಕುತಂದೆಯ ಮಗ್ಗುಲಲ್ಲಿ ಗಿಟಾರ್ ಹಿಡಿದು. 2022ರಲ್ಲಿ ಆ ತಂದೆಯ ಜೊತೆಗೇ ಹಳೆಯ ಹಾಡುಗಳ ಸಂಪುಟ ಮಾಡಿದರು. ಶ್ರುತಿಪ್ರಿಯೆಯವರು ಮೂರು ನಿಮಿಷದ ಕಟ್ಟಿನ ಬಗ್ಗೆ ದೂರಿದ್ದರು. ಆ ಕಟ್ಟನ್ನು ಬಿಚ್ಚಿದವರಲ್ಲಿ ಇವರೊಬ್ಬರು. ಇವರಿಗಿಂತ ಮೊದಲು, 1970ರ ದಶಕದಿಂದಲೇ, ಕೊಲರಾಡೊದ ಬೆಟ್ಟದೂರು ಟೆಲ್ಯುರೈಡ್‌ನ ಉತ್ಸವದಲ್ಲಿ ಮ್ಯಾಂಡೊಲಿನ್‌ನ ಸ್ಯಾಮ್ ಬುಷ್ ಮತ್ತು ಅವರ ಗೆಳೆಯರು ಇದನ್ನು ಮಾಡುತ್ತಿದ್ದರು.

ಕಡಲ ತಡಿ, ಮಂಗಳೂರು:

ಶುದ್ಧತೆಯ ಮಾತು ಬಂದಾಗಲೆಲ್ಲ ನಾನು ನೆನಪಿಸುವುದು ಸ್ಯಾಲಿ ಆ್ಯನ್ ಫಾರೆಸ್ಟರ್ ಅವರನ್ನು. 1940ರ ದಶಕದ ನಡುವೆ ಮನ್ರೋ ಅವರ ತಂಡದಲ್ಲೇ ಅಕಾರ್ಡಿಯನ್ ನುಡಿಸಿದ ಮಹಿಳೆ, 1945ರ ಮುದ್ರಣಗಳಲ್ಲೂ ಇದ್ದಾರೆ. ಮುಂದೆ ಅಕಾರ್ಡಿಯನ್ ಮರೆಯಾಯಿತು, ಮಹಿಳೆಯರು ಮುಂದಿನ ಸಾಲಿಗೆ ಬರಲು ಬಹಳ ಕಾಲ ಹಿಡಿಯಿತು. ಗಾಯಕಿಯರಾದ ಹೇಜಲ್ ಡಿಕೆನ್ಸ್ ಮತ್ತು ಆಲಿಸ್ ಜೆರಾರ್ಡ್ 1965ರಲ್ಲಿ ತಮ್ಮ ಮೊದಲ ಸಂಪುಟ ತಂದರು, ಇಬ್ಬರೂ ಬ್ಲೂಗ್ರಾಸ್‌ನ ಗೌರವ ಪಟ್ಟಿ ಸೇರಿದ್ದು 2017ರಲ್ಲಿ. ಅದೇ ವರ್ಷ ಮಾಲಿ ಟಟಲ್ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘದ ವರ್ಷದ ಗಿಟಾರ್ ವಾದಕ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ಹಳೆಯ ಮಾದರಿ ಎಂದು ನಾವು ಹಿಡಿದಿಟ್ಟದ್ದು ಹಳೆಯದರ ಒಂದು ತುಂಡು ಮಾತ್ರ.

ಹಳೆಯ ರೇಡಿಯೊ, ಷಾರ್ಲೆಟ್:

ಫಾರೆಸ್ಟರ್ ಅವರ ಮಾತು ಸರಿ. ಆದರೂ ಅಳತೆಯ ವಿಷಯದಲ್ಲಿ ನಾನು ಸೋಲುವುದಿಲ್ಲ. ಈ ಸಂಗೀತದ ಅಳತೆ ಸಣ್ಣದು. 1965ರಲ್ಲಿ ಕಾರ್ಲ್ಟನ್ ಹೇನಿ ವರ್ಜೀನಿಯಾದ ಫಿನ್‌ಕ್ಯಾಸಲ್‌ನ ಒಂದು ಕುದುರೆ ಲಾಯದ ಬಯಲಿನಲ್ಲಿ ಹಲವು ದಿನಗಳ ಮೊದಲ ಬ್ಲೂಗ್ರಾಸ್ ಉತ್ಸವ ಮಾಡಿದರು. ಎರಡು ವರ್ಷದ ನಂತರ ಇಂಡಿಯಾನಾದ ಬೀನ್ ಬ್ಲಾಸಮ್‌ನಲ್ಲಿ ಮನ್ರೋ ತಮ್ಮದೇ ಉತ್ಸವ ಆರಂಭಿಸಿದರು, ಅದು ಇಂದಿಗೂ ನಡೆಯುತ್ತಿದೆ. ಅಲ್ಲಿ ವೇದಿಕೆಯ ಸಂಗೀತ ಅರ್ಧ ಮಾತ್ರ. ಉಳಿದರ್ಧ ಡೇರೆಗಳ ನಡುವೆ, ಕಾರು ನಿಲ್ಲಿಸುವ ಜಾಗದಲ್ಲಿ. ಪರಿಚಯವೇ ಇಲ್ಲದ ಆರೇಳು ಜನ ವೃತ್ತವಾಗಿ ನಿಂತು ರಾತ್ರಿಯೆಲ್ಲ ನುಡಿಸುತ್ತಾರೆ. ಟಿಕೆಟ್ ಕೊಂಡು ಬಂದು ವೇದಿಕೆಯ ಕಡೆ ತಲೆಯನ್ನೂ ಹಾಕದೆ ಹೋಗುವವರಿದ್ದಾರೆ.

ಐದನೆಯ ತಂತಿ, ಧಾರವಾಡ:

ಆ ವೃತ್ತದ ನಿಯಮಗಳನ್ನು ವಿವರವಾಗಿ ಬರೆಯಿರಿ, ದಯವಿಟ್ಟು. ನನಗೆ ಬೇಕಾದದ್ದು ಅದು.

ಹಳೆಯ ರೇಡಿಯೊ, ಷಾರ್ಲೆಟ್:

ಶ್ರುತಿ ಸರಿಮಾಡಿಕೊಳ್ಳದೆ ಒಳಗೆ ಕಾಲಿಡಬೇಡಿ. ಹಾಡನ್ನು ಆರಿಸಿದವರು ಶ್ರುತಿ ಹೇಳಿ, ವೇಗ ತೋರಿಸಿ ಎತ್ತಿಕೊಳ್ಳುತ್ತಾರೆ. ಒಂಟಿ ಸುತ್ತು ವೃತ್ತದ ಕ್ರಮದಲ್ಲಿ ಸಾಗುತ್ತದೆ. ನಿಮ್ಮ ಕಡೆ ನೋಡಿದರೆ ನುಡಿಸಿ, ಬೇಡವೆನಿಸಿದರೆ ತಲೆಯಾಡಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನೊಬ್ಬರು ಹಾಡುವಾಗ ಅಥವಾ ಒಂಟಿಯಾಗಿ ನುಡಿಸುವಾಗ ನಿಮ್ಮ ಸದ್ದು ತಗ್ಗಬೇಕು, ಬ್ಯಾಂಜೊದವರಿಗೆ ಇದು ಮೊದಲ ಪಾಠ. ಮುಗಿಸುವ ಸುತ್ತು ಬಂದಾಗ ಹಾಡಿನ ಮುಂದಾಳು ಒಂದು ಕಾಲನ್ನು ಮುಂದಕ್ಕೆ ಎತ್ತುತ್ತಾರೆ. ಎಲ್ಲರೂ ಅದನ್ನು ಕಂಡು ಒಟ್ಟಿಗೆ ನಿಲ್ಲಿಸುತ್ತಾರೆ. ಯಾವ ಧ್ವನಿಮುದ್ರಣದಲ್ಲೂ ಆ ಎತ್ತಿದ ಕಾಲು ಕೇಳಿಸುವುದಿಲ್ಲ.

ಧ್ವನಿ ತಂತ್ರಜ್ಞ, ಬೆಂಗಳೂರು:

ಇದಕ್ಕೆ ನನ್ನ ಬಳಿ ಎದುರುತ್ತರವಿಲ್ಲ, ಬೇಕಾಗಿಯೂ ಇಲ್ಲ. ವೃತ್ತದಲ್ಲಿ ನಿಲ್ಲುವುದು ಕೇಳುವುದಕ್ಕಿಂತ ಬೇರೆಯ ಸುಖ. ಆದರೆ ತೀರ್ಪು ಕೊಡುವ ಹಕ್ಕನ್ನು ಟಿಕೆಟ್‌ಗೆ ಗಂಟು ಹಾಕಬೇಡಿ. ಧಾರವಾಡದವರು ಅರ್ಧ ವೇಗದಲ್ಲಿ ಕಂಡುಕೊಂಡ ಮೂರು-ಮೂರು-ಎರಡನ್ನು ಮೊದಲ ಸಾಲಿನಲ್ಲಿ ಕುಳಿತ ಎಷ್ಟು ಜನ ಗುರುತಿಸಿದ್ದಾರೆ? ನನ್ನ ಅನುಭವದಲ್ಲಿ ಧ್ವನಿಮುದ್ರಣ ಕೇಳಿ ಹೋದವರೇ ಕಛೇರಿಯಲ್ಲಿ ಹೆಚ್ಚಿನದನ್ನು ಗುರುತಿಸುತ್ತಾರೆ.

ಶ್ರುತಿಪ್ರಿಯೆ, ಮೈಸೂರು:

ಹಳೆಯ ರೇಡಿಯೊ ಅವರು ಹೇಳಿದ ನಾಲ್ಕು ದನಿಗಳ ಭಕ್ತಿಗೀತೆಗಳನ್ನು ಹುಡುಕಿ ಕೇಳಿದೆ. ಕೆಳಗಿನ ದನಿ ಕಾಯುವುದು ಕೇಳಿಸುತ್ತದೆ. ವಾದ್ಯಗಳ ಸರದಿ ಮಾತ್ರ ಈಗಲೂ ನನಗೆ ಅವಸರವೆನಿಸುತ್ತದೆ, ಅದನ್ನು ಬಿಟ್ಟುಕೊಡುವುದಿಲ್ಲ. ನನ್ನ ತಂಗಿಯ ಮನೆ ಷಾರ್ಲೆಟ್‌ನಲ್ಲಿದೆ, ಬರುವ ಬೇಸಿಗೆಯಲ್ಲಿ ಅಲ್ಲಿಗೆ ಹೋಗುತ್ತೇನೆ. ಒಂದೇ ಕಛೇರಿಗೆ ಹೋಗಲು ಸಾಧ್ಯವಾದರೆ ಅಖಾಡಕ್ಕೆ ಹೋಗಲೋ, ಸಣ್ಣ ಜಾಗಕ್ಕೋ?

ಕ್ಯಾರಿಯ ಕನ್ನಡಿಗ:

ಸಣ್ಣ ಜಾಗಕ್ಕೇ ಹೋಗಿ. ಇದೊಂದರಲ್ಲಿ ಹಳೆಯ ರೇಡಿಯೊ ಅವರ ಪಕ್ಷವೇ ನನ್ನದು. ಒಂದೇ ಮೈಕ್ ಇಟ್ಟು ನುಡಿಸುವ ತಂಡವಾದರೆ ಇನ್ನೂ ಒಳ್ಳೆಯದು. ಮುಂದಿನ ಸಾಲಿನಲ್ಲಿ, ಸ್ವಲ್ಪ ಓರೆಗೆ ಕುಳಿತುಕೊಳ್ಳಿ, ಆಗ ಒಳಗೆ ಹೊರಗೆ ಸರಿಯುವ ಹೆಜ್ಜೆಗಳು ಕಾಣುತ್ತವೆ. ಮೊದಲ ಎರಡು ಹಾಡುಗಳಲ್ಲಿ ಬ್ಯಾಂಜೊ ನೋಡಬೇಡಿ, ಬಾಸ್ ಮತ್ತು ಮ್ಯಾಂಡೊಲಿನ್ ಮಾತ್ರ ನೋಡಿ. ವಾದ್ಯಗಳ ಸರದಿ ನಿಮಗೆ ಆಗಲೂ ಅವಸರವೆನಿಸಿದರೆ ಬಂದು ಇಲ್ಲೇ ಬರೆಯಿರಿ, ವಾದ ಮುಂದುವರಿಸೋಣ.

ಹಳೆಯ ರೇಡಿಯೊ, ಷಾರ್ಲೆಟ್:

ಹೊರಡುವ ಮುನ್ನ ಇಲ್ಲಿ ತಿಳಿಸಿ, ಅಮ್ಮಾ. ಆ ವಾರ ಹತ್ತಿರದ ಯಾವ ಊರಿನಲ್ಲಿ ಯಾರ ಕಛೇರಿ ಇದೆ ಎಂದು ನಾನು ನೋಡಿ ಹೇಳುತ್ತೇನೆ. ಶೆಲ್ಬಿಗೂ ಒಂದು ಮಧ್ಯಾಹ್ನ ಮೀಸಲಿಡಿ.